ನನ್ನ ಮೇಲೆ ಅನುಮಾನಪಟ್ಟ ವಾರಗಿತ್ತಿ

ನನ್ನ ವಾರಗಿತ್ತಿಯ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ. ಅವರ ಮದುವೆಯ ಕಪ್ಪುಬಿಳುಪು ಫೋಟೋದಲ್ಲಿ ಎರಡು ಕಣ್ಣೂ ಒಂದೇ ಸಮನಾಗಿ, ತುಸು ಗಾಬರಿಯಿಂದ ಕ್ಯಾಮೆರಾ ನೋಡುತ್ತಿವೆ. ಆಮೇಲಿನ ವರ್ಷಗಳಲ್ಲಿ ಹಾಲಿನವನನ್ನು, ಸಿಲಿಂಡರ್ ತರುವವನನ್ನು, ಕರೆಂಟಿನ ಮೀಟರ್ ಓದುವವನನ್ನು, ನೆಂಟರನ್ನು, ಎಲ್ಲರಿಗಿಂತ ಹೆಚ್ಚಾಗಿ ನನ್ನನ್ನು ಕಿರಿದಾಗಿ ನೋಡಿ ನೋಡಿ ಆ ಕಣ್ಣು ಹಾಗೇ ನಿಂತುಬಿಟ್ಟಿತ್ತು. ಎದುರಿಗಿದ್ದವರು ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ಆ ರೆಪ್ಪೆ ಅರ್ಧ ಇಳಿದು ಗಲ್ಲ ಮೇಲೇರುತ್ತಿತ್ತು. ನಿಜ ಹೇಳಲು ಬಂದವರೂ ತಡವರಿಸುತ್ತಿದ್ದರು.

ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ನನ್ನ ಗಂಡನ ಅಣ್ಣನ ಹೆಂಡತಿ. ಮಾಕಳಿ ಕಡೆಯವರು, ಪುಟ್ಟೇನಹಳ್ಳಿಯ ನಮ್ಮ ಮನೆಗೆ ನನಗಿಂತ ಹತ್ತು ವರ್ಷ ಮುಂಚೆ ಸೊಸೆಯಾಗಿ ಬಂದವರು. ಶೆಟ್ಟಿಹಳ್ಳಿಯಿಂದ ನಾನು ಬಂದ ದಿನ ಆರತಿ ಎತ್ತಿದವರೂ ಅವರೇ. ಆರತಿ ಎತ್ತುತ್ತಲೇ ನನ್ನ ಕತ್ತಿನ ಸರವನ್ನು ಆ ಎಡಗಣ್ಣಿನಿಂದ ನೋಡಿದರು. ಅದು ಅಪ್ಪಟ ಚಿನ್ನವೇ ಎಂದು ಅವರು ಕೇಳದೆಯೇ ಉತ್ತರ ಕೊಟ್ಟುಬಿಡಬೇಕು ಎನ್ನಿಸಿತ್ತು.

ಹೂವಾಡಗಿತ್ತಿಯ ಮೊಳವನ್ನು ಅವರು ನಂಬುತ್ತಿರಲಿಲ್ಲ. ತಮ್ಮ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದುಕೊಂಡೇ ಹೂವು ತೆಗೆದುಕೊಳ್ಳುತ್ತಿದ್ದರು. ಟಿವಿಯಲ್ಲಿ ಇವತ್ತು ಮಳೆ ಬರುತ್ತದೆ ಎಂದರೆ ಹಪ್ಪಳ ಒಣಹಾಕುತ್ತಿದ್ದರು, ಬರುವುದಿಲ್ಲ ಎಂದರೆ ಬಟ್ಟೆ ಎತ್ತಿಡುತ್ತಿದ್ದರು. ಯಾರಾದರೂ ಒಂದು ಸುದ್ದಿ ತಂದರೆ ಮೊದಲ ಪ್ರಶ್ನೆ, "ಯಾರ್ ಏಳಿದ್ದು?" ಇಂಥವರು ಹೇಳಿದರು ಎಂದರೆ ಎರಡನೆಯದು, "ಅವ್ರಿಗ್ಯಾರ್ ಏಳಿದ್ದು?" ಆ ಎರಡನೇ ಪ್ರಶ್ನೆ ದಾಟಿ ಬದುಕಿ ಉಳಿದ ಸುದ್ದಿ ನಮ್ಮ ಬೀದಿಯಲ್ಲಿ ಕಡಿಮೆ. ಅಕ್ಕ ಬರುತ್ತಿರುವುದು ಕಂಡರೆ ಮಾತಿನ ಮಲ್ಲಿಯರೆಲ್ಲ ತರಕಾರಿ ಗಾಡಿಯ ಕಡೆ ತಿರುಗಿಬಿಡುತ್ತಿದ್ದರು.

ಹಳೆಯ ಹೆಂಚಿನ ಮನೆ ಕೆಡವಿ ಅಣ್ಣತಮ್ಮಂದಿರು ಪಕ್ಕಪಕ್ಕದಲ್ಲಿ ಮನೆ ಕಟ್ಟಿಸಿಕೊಂಡಾಗ ನೀರಿನ ಸಂಪು, ದೇವರ ಕೋಣೆ ಬಿಟ್ಟು ಉಳಿದದ್ದೆಲ್ಲ ಎರಡಾಯಿತು. ಸಂಪು ಒಂದೇ ಸಾಕು ಎಂದದ್ದು ಮೇಸ್ತ್ರಿ. ದೇವರು ಒಂದೇ ಇರಲಿ ಎಂದದ್ದು ನಮ್ಮ ಮಾವ. ಮನೆದೇವರನ್ನು ಪಾಲು ಮಾಡುವಂತಿಲ್ಲ ಎಂದು ಅವರು ಹಟ ಹಿಡಿದದ್ದರಿಂದ ಎರಡು ಮನೆಗಳ ನಡುವೆ ಹಳೆಯ ಕೋಣೆಯೊಂದು ಹಾಗೇ ಉಳಿಯಿತು. ಒಂದು ವಾರ ಅಕ್ಕನ ಸರದಿ, ಒಂದು ವಾರ ನನ್ನದು. ಮುಟ್ಟಿನ ದಿನಗಳಲ್ಲಿ ಮನೆಯ ಗಂಡಸರು ದೀಪ ಹಚ್ಚಬಹುದು, ಅಷ್ಟು ವಿನಾಯಿತಿ. ಉಳಿದಂತೆ ಯಾವ ಮನೆಯ ಹೆಂಗಸಿನ ಕೈಯಲ್ಲಿ ಸರದಿ ನಡೆಸಲು ಆಗುವುದಿಲ್ಲವೋ ಆ ಮನೆ ಬಿಟ್ಟುಕೊಡಬೇಕು, ದೇವರು ಇನ್ನೊಂದು ಮನೆಗೆ ಸೇರಬೇಕು. ಮಾವ ಇದನ್ನು ಹೇಳಿ ಕಣ್ಣು ಮುಚ್ಚಿದರು. ಅಂದಿನಿಂದ ನಾನೂ ಅಕ್ಕನೂ ಒಬ್ಬರ ದೀಪವನ್ನು ಒಬ್ಬರು ಕಾಯುತ್ತಾ ಬಂದೆವು.

ನನಗೆ ಅವರ ಒಂದು ಮಾತಿನ ಮೇಲೂ ನಂಬಿಕೆಯಿರಲಿಲ್ಲ. ಇದನ್ನು ನಾನು ಅವರಿಂದಲೇ ಕಲಿತದ್ದು. ಹೋಳಿಗೆ ಕಳಿಸಿ "ಈಗ್ ತಾನೇ ಮಾಡ್ದೆ" ಎಂದರೆ ನಿನ್ನೆಯದು ಎಂದುಕೊಳ್ಳುತ್ತಿದ್ದೆ. ಸಂಪಿನ ಮುಚ್ಚಳ ತೆಗೆದು ಕೋಲು ಇಳಿಬಿಟ್ಟು ನೀರು ನೋಡುತ್ತಾ "ಸುಮ್ನೆ ನೋಡ್ದೆ ಕಣೇ" ಎಂದರೆ, ನಾವು ಕದ್ದು ಮೋಟಾರು ಹಾಕಿದ್ದೇವೆಂದು ಅವರು ತೀರ್ಮಾನಿಸಿ ಆಗಿದೆ ಎಂದು ನನಗೆ ಗೊತ್ತಾಗುತ್ತಿತ್ತು. ನನ್ನ ಸೀರೆ ಚೆನ್ನಾಗಿದೆ ಎಂದರೆ ಒಳಗೆ ಹೋಗಿ ಕನ್ನಡಿಯಲ್ಲಿ ಹಿಂದೆಮುಂದೆ ನೋಡಿಕೊಂಡು ಬರುತ್ತಿದ್ದೆ. ಇಷ್ಟಾದರೂ ಹಬ್ಬಕ್ಕೆ ಒಟ್ಟಿಗೇ ಕೂತು ಕಡುಬು ಕಟ್ಟುತ್ತಿದ್ದೆವು.

ಐವತ್ತೆರಡಕ್ಕೆ ನನಗೆ ಮುಟ್ಟು ನಿಂತಿತು. ಅಕ್ಕನಿಗೆ ನಿಂತು ಆಗಲೇ ಎಷ್ಟೋ ಕಾಲವಾಗಿತ್ತು. ಇನ್ನು ಸರದಿಗೆ ಗಂಡಸರ ಹಂಗಿಲ್ಲ ಎಂದು ನಿರಾಳವಾದೆ. ನಾನು ಕೆಲಸ ಮಾಡುತ್ತಿದ್ದ ಶಾಲೆಯ ಆಫೀಸಿಗೆ ಹೊರಡುವ ಮುಂಚೆ ಸ್ನಾನ ಮಾಡಿ, ದೀಪ ಹಚ್ಚಿ, ಗಂಟೆ ಬಾರಿಸಿ ಹೋಗುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ಬೆಳಗ್ಗೆ ಒಳಲಂಗದ ಮೇಲೆ ರಕ್ತದ ಕಲೆ ಕಂಡಿತು.

ಮತ್ತೆ ಬಂತು ಎಂದುಕೊಂಡೆ. ಅದರಾಚೆಗೆ ಯೋಚನೆಯೇ ಹೋಗಲಿಲ್ಲ. ಮುಟ್ಟು ಎಂದ ಮೇಲೆ ಮುಟ್ಟಿನ ರೀತಿಯಲ್ಲೇ ನಡೆದುಕೊಂಡೆ: ನಮ್ಮ ಮನೆಯವರಿಗೆ ಹೇಳಿ ದೀಪ ಹಚ್ಚಿಸಿದೆ, ಮೂರು ದಿನ ದೇವರ ಕೋಣೆಯ ಹೊಸ್ತಿಲ ಕಡೆ ಹೋಗಲಿಲ್ಲ, ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡೆ. ಶುದ್ಧವಾಯಿತು ಎಂದರೆ ಮುಗಿಯಿತು ಎಂದೇ ಲೆಕ್ಕ. ನಮ್ಮ ಅಮ್ಮಂದಿರು ಕಲಿಸಿದ್ದು ಅಷ್ಟೇ. ರಕ್ತ ಕಂಡರೆ ಎಲ್ಲಿ ಕೂರಬೇಕು, ಏನು ಮುಟ್ಟಬಾರದು ಎಂದು ಹೇಳಿಕೊಟ್ಟಿದ್ದರು. ಯಾಕೆ ಬಂತು ಎಂದು ಕೇಳುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮತ್ತೆ ಕಂಡಿತು. ಮುಖ್ಯರಸ್ತೆಯ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ನನ್ನ ವಯಸ್ಸು ಕೇಳಿದರು, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು, "ಈ ಏಜಲ್ಲಿ ಹಾರ್ಮೋನ್ ಏರುಪೇರು ಇದ್ದಿದ್ದೇ, ತಲೆ ಕೆಡಿಸ್ಕೋಬೇಡಿ" ಎಂದು ಮಾತ್ರೆ ಬರೆದುಕೊಟ್ಟರು. ತಲೆ ಕೆಡಿಸಿಕೊಳ್ಳಬೇಡಿ ಎಂದದ್ದು ನನಗೆ ಬಹಳ ಹಿಡಿಸಿತು. ಮಾತ್ರೆ ನುಂಗುವಾಗ ನಿಲ್ಲುತ್ತಿತ್ತು, ಬಿಟ್ಟರೆ ಬರುತ್ತಿತ್ತು. ಅಕ್ಕನಿಗೆ ಮಾತ್ರ ಗೊತ್ತಾಗಬಾರದು ಎಂದು ನಮ್ಮ ಮನೆಯವರಿಗೆ ಹೇಳಿದ್ದೆ. ಗೊತ್ತಾದರೆ ಈ ವಯಸ್ಸಿಗೆ ವಿನಾಯಿತಿ ಇಲ್ಲ, ಇವಳ ಕೈಯಲ್ಲಿ ಸರದಿ ನಡೆಯುತ್ತಿಲ್ಲ ಎಂದು ದೇವರನ್ನು ತಮ್ಮ ಮನೆಗೆ ಎಳೆದುಕೊಳ್ಳುತ್ತಾರೆ ಎಂಬುದು ನನ್ನ ಗುಮಾನಿ.

ಆದರೆ ಗಂಟೆ ಇತ್ತಲ್ಲ. ನಾನು ಗಂಟೆಯನ್ನು ನಿಧಾನವಾಗಿ, ಮಂಗಳಾರತಿ ಮುಗಿಯುವವರೆಗೆ ಬಾರಿಸುತ್ತೇನೆ. ನಮ್ಮ ಮನೆಯವರು ಬಸ್ಸಿಗೆ ತಡವಾದವರಂತೆ ನಾಲ್ಕು ಸಲ ಅಲುಗಿಸಿ ಇಟ್ಟುಬಿಡುತ್ತಾರೆ. ಪಕ್ಕದ ಮನೆಯ ಅಡುಗೆಕೋಣೆಯಲ್ಲಿ ಕಾಫಿ ಸೋಸುತ್ತಾ ಅಕ್ಕ ಅದನ್ನು ಕೇಳಿಸಿಕೊಳ್ಳುತ್ತಿದ್ದರು.

ಒಂದು ದಿನ ಟೆರೇಸಿನ ಮೇಲೆ ಬಟ್ಟೆ ಹರವುತ್ತಿದ್ದಾಗ ಹಿಡಿದರು. "ಏನೇ, ಮೈದ್ನ ದೀಪ ಅಚ್ತಾ ಅವ್ನೆ?"

"ಮಂಡಿ ನೋವು ಅಕ್ಕ. ಕೆಳಗೆ ಕೂತ್ಕೊಳ್ಳೋಕೆ ಆಗ್ತಿಲ್ಲ."

"ಮಂಡಿ ನೋವಿಗೆ ಬಕೆಟ್ ತಗೊಂಡು ಮಾಳಿಗೆ ಅತ್ಕೊಂಡ್ ಬಂದ್ಯಾ?"

ಅವರ ಕಣ್ಣು ನನ್ನ ಮುಖ ಬಿಟ್ಟು ತಂತಿಯ ಮೇಲೆ ಓಡಾಡಿತು. ದೊಡ್ಡ ಟವೆಲ್ಲಿನ ಕೆಳಗೆ ನಾನು ಒಣಹಾಕಿದ್ದ ಹಳೆಯ ಹತ್ತಿಬಟ್ಟೆಯ ತುದಿ ಗಾಳಿಗೆ ಹೊರಗೆ ಬಂದಿತ್ತು. ನೋಡಿದರೋ ಇಲ್ಲವೋ ತಿಳಿಯಲಿಲ್ಲ, ಕೆಳಗಿಳಿದು ಹೋದರು. ಆ ಸಂಜೆಯೆಲ್ಲಾ ನಾನು ಉರಿದುಕೊಂಡೆ. ಇನ್ನೊಬ್ಬರ ಮನೆಯ ಹೆಂಗಸಿನ ಒಳಬಟ್ಟೆ ನೋಡುವ ಬುದ್ಧಿ ಯಾರಿಗಾದರೂ ಇರುತ್ತದೆಯೇ ಎಂದು ನಮ್ಮ ಮನೆಯವರ ತಲೆ ತಿಂದೆ. ಅವರು ಎಂದಿನಂತೆ ಪೇಪರ್ ಓದುತ್ತಿದ್ದರು.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಅಕ್ಕ ನಮ್ಮ ಅಡುಗೆಮನೆಗೆ ಬಂದರು. ಬಂದವರೇ ಹಿಂದಿನಿಂದ ಬಾಗಿಲು ಹಾಕಿಕೊಂಡರು. ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ದೇವರ ಮಾತು ಬಂತು ಎಂದುಕೊಂಡೆ.

"ನಿಂಗೆ ಮತ್ತೆ ಕಾಣಿಸ್ಕೊಂಡದೆ" ಎಂದರು. ಪ್ರಶ್ನೆಯಲ್ಲ.

"ಯಾರ್ ಹೇಳಿದ್ದು?" ಎಂದೆ. ಅವರ ಆಯುಧ ಅವರ ಮೇಲೆಯೇ.

"ಗಂಟೆ ಏಳ್ತು. ಓದ ಸರ್ತಿ ನಿನ್ ವಾರದಲ್ಲಿ ಎರಡ್ ದಿನ ಅವ್ನು ಬಾರ್ಸ್ದ. ಅದ್ಕೂ ಮುಂಚಿನ ನಿನ್ ವಾರದಲ್ಲಿ ಒಂದೇ ದಿನ. ಮುಟ್ಟಾದ್ರೆ ಅದಕ್ಕೊಂದು ತಿಂಗಳು ಬೇಡ್ವೇನೇ? ಇದ್ಯಾವ್ ಮುಟ್ಟು, ಮನ್ಸಿಗೆ ಬಂದಾಗ ಬಂದು ಓಗೋದು?"

ನನಗೆ ಸಿಟ್ಟು ನೆತ್ತಿಗೇರಿತು. "ಆಯ್ತು ಅಕ್ಕ, ಆ ದೇವ್ರನ್ನ ನೀವೇ ಇಟ್ಕೊಳ್ಳಿ. ಅದಕ್ಕೆ ತಾನೇ ಇಷ್ಟೆಲ್ಲಾ? ಎರಡೂ ವಾರ ನೀವೇ ಹಚ್ಚಿ."

"ದೀಪ ಯಾರಾದ್ರೂ ಅಚ್ಕೊಳ್ಳಿ. ಡಾಕ್ಟ್ರು ತಾವ ಓಗಿದ್ದಾ?"

"ಹೋಗಿದ್ದೆ. ಮಾತ್ರೆ ಕೊಟ್ಟಿದ್ದಾರೆ. ಹಾರ್ಮೋನ್ ಅಂತೆ."

"ಒಳ್ಗೆ ನೋಡಿದ್ರಾ?"

"ಇಲ್ಲ."

"ಸ್ಕ್ಯಾನು?"

"ಇಲ್ಲ."

"ಮತ್ತೆ ಆರ್ಮೋನು ಅಂತ ಅವ್ರಿಗ್ಯಾರ್ ಏಳಿದ್ದು?"

ಅಕ್ಕ ನನ್ನ ಮುಂದಿನ ಹುರುಳಿಕಾಯಿ ಬುಟ್ಟಿ ಎತ್ತಿ ಕಟ್ಟೆಯ ಮೇಲಿಟ್ಟರು. "ನಾಳೆ ರಜಾ ಆಕು. ನಾನೂ ಬತ್ತೀನಿ. ನಿನ್ನೊಬ್ಳನ್ನೇ ಕಳ್ಸಿದ್ರೆ ಓಗಿ ಬಂದೆ ಅಂತ ಸುಳ್ ಏಳ್ತೀಯ."

ಹೆಬ್ಬಾಳದ ಕಡೆಯ ಆಸ್ಪತ್ರೆಯೊಂದರಲ್ಲಿ ಹೆಂಗಸರ ಡಾಕ್ಟರಮ್ಮ ನಮ್ಮನ್ನು ನೋಡಿದರು. ನನಗಿಂತ ಚಿಕ್ಕವರು, ಮಾತು ಕಡಿಮೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ಕಂಡ್ರೂ ನಾವು ಅನುಮಾನದಿಂದ್ಲೇ ನೋಡ್ಬೇಕು ಅಮ್ಮ. ಹೆಚ್ಚಿನವ್ರಿಗೆ ಸಣ್ಣಪುಟ್ಟ ಕಾರಣ ಇರುತ್ತೆ. ಆದ್ರೆ ಅದು ಸಣ್ಣದು ಅಂತ ನೋಡಿ ಗೊತ್ತಾಗ್ಬೇಕು, ಊಹೆ ಮಾಡಿ ಅಲ್ಲ" ಎಂದರು. ಅಕ್ಕ ತಿರುಗಿ ಆ ಡಾಕ್ಟರನ್ನು ಎರಡೂ ಕಣ್ಣು ಪೂರ್ತಿ ತೆರೆದು ನೋಡಿದರು. ಮದುವೆಯ ಫೋಟೋ ಬಿಟ್ಟರೆ ನಾನು ಅದನ್ನು ಕಂಡದ್ದು ಆಗಲೇ.

ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ ಇರಬೇಕಾದದ್ದಕ್ಕಿಂತ ದಪ್ಪ ಕಂಡಿತು. ತೆಳುವಾದ ಕೊಳವೆಯೊಂದನ್ನು ಒಳಗೆ ಕಳಿಸಿ ಆ ಪದರದ ಚೂರು ತೆಗೆದರು. ಕಿಬ್ಬೊಟ್ಟೆಯನ್ನು ಯಾರೋ ಹಿಂಡಿದಂತಾಯಿತು, ಅಷ್ಟರಲ್ಲಿ ಮುಗಿಯಿತು. ಹೊರಗೆ ಬಂದಾಗ ಅಕ್ಕ ನರ್ಸಿನ ಕೈಯಲ್ಲಿದ್ದ ಪುಟ್ಟ ಡಬ್ಬಿಯ ಮೇಲೆ ನನ್ನ ಹೆಸರು ಸರಿಯಾಗಿ ಬರೆದಿದ್ದಾರಾ ಎಂದು ನನ್ನಿಂದಲೇ ಓದಿಸಿದರು. ಅವರಿಗೆ ಓದಲು ಬರುತ್ತಿತ್ತು. ಆದರೂ ಎರಡು ಜನ ನೋಡಿದರೆ ಒಳ್ಳೆಯದು ಎಂದರು.

ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದಿತ್ತು.

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಗರ್ಭಕೋಶದ ಒಳಪದರದಲ್ಲಿ ಶುರುವಾಗಿರುವುದು, ನಿಧಾನವಾಗಿ ಬೆಳೆಯುವ ಜಾತಿಯದು, ಆರಂಭದ ಹಂತ ಎಂದೇ ಕಾಣುತ್ತದೆ, ಎಂ.ಆರ್.ಐ. ಮಾಡಿ ನೋಡೋಣ. ಗರ್ಭಕೋಶ, ಅದರ ನಾಳಗಳು, ಅಂಡಾಶಯ ತೆಗೆದರೆ ಬಹುಮಟ್ಟಿಗೆ ಅಲ್ಲಿಗೇ ಮುಗಿಯಬಹುದು. ನನಗೆ ಮೊದಲ ಒಂದು ಪದ ಬಿಟ್ಟು ಬೇರೆ ಯಾವುದೂ ಕೇಳಿಸಲಿಲ್ಲ. ಮದುವೆಯಾಗಿ ಹೋಗಿದ್ದ ಮಗಳು ಆಗ ಐದು ತಿಂಗಳ ಬಸುರಿ. ಅವಳ ಬಾಣಂತನದ ಹೊತ್ತಿಗೆ ನಾನು ಇರುತ್ತೇನಾ ಎಂಬ ಒಂದೇ ಯೋಚನೆ ತಲೆಯಲ್ಲಿ ತಿರುಗಿತು. ನಮ್ಮ ಮನೆಯವರು ಕುರ್ಚಿಯ ತೋಳು ಹಿಡಿದು ನೆಲ ನೋಡುತ್ತಿದ್ದರು. ಮಾತಾಡಿದವರು ಅಕ್ಕ.

"ಇದನ್ನ ಯಾರ್ ಏಳಿದ್ದು? ನೀವ್ ನೋಡಿದ್ರಾ?"

ಲ್ಯಾಬಿನ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದ್ದು ಎಂದರು ಡಾಕ್ಟರಮ್ಮ. ಬೇಕಾದರೆ ಆ ಚೂರು ಅಂಟಿಸಿದ ಗಾಜಿನ ಪಟ್ಟಿಗಳನ್ನು ಇನ್ನೊಂದು ಆಸ್ಪತ್ರೆಯಲ್ಲಿ ತೋರಿಸಬಹುದು, ತಪ್ಪೇನಿಲ್ಲ, ಎಷ್ಟೋ ಜನ ತೋರಿಸುತ್ತಾರೆ ಎಂದೂ ಹೇಳಿದರು.

ಆ ಪಟ್ಟಿಗಳನ್ನು ಅಕ್ಕ ಯಾರ ಕೈಗೂ ಕೊಡಲಿಲ್ಲ. ಬೆರಳಗಲದ ಗಾಜು, ಮೇಲೆ ಕೆನ್ನೇರಳೆಯ ಚುಕ್ಕೆ. ತಮ್ಮ ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಸುತ್ತಿ, ಸ್ಟೀಲಿನ ಊಟದ ಡಬ್ಬಿಯೊಳಗಿಟ್ಟು, ಮಡಿಲಲ್ಲಿ ಇಟ್ಟುಕೊಂಡು ಆಟೋದಲ್ಲಿ ಊರಿನ ಆ ತುದಿಯ ದೊಡ್ಡ ಆಸ್ಪತ್ರೆಗೆ ಹೊರಟರು. ನಾನು ಪಕ್ಕದಲ್ಲಿ ಕೂತಿದ್ದೆ. ದಾರಿಯಲ್ಲಿ ಹಳ್ಳ ಬಂದಾಗಲೆಲ್ಲ ಡಬ್ಬಿಯನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿಯುತ್ತಿದ್ದರು. "ನಿಧಾನ ಓಗಪ್ಪ, ಇವಳ ಜೀವ ಐತೆ ಇದ್ರಲ್ಲಿ" ಎಂದು ಆಟೋದವನಿಗೆ ಹೇಳಿದರು. ಅವನು ಕನ್ನಡಿಯಲ್ಲಿ ಊಟದ ಡಬ್ಬಿಯನ್ನೂ ನನ್ನ ಗಾತ್ರವನ್ನೂ ನೋಡಿ ಏನು ತಿಳಿದುಕೊಂಡನೋ, ನಿಧಾನಕ್ಕೆ ಹೋದ.

ಅಲ್ಲಿಯೂ ಅದೇ ಉತ್ತರ ಬಂತು. ಅಕ್ಕನಿಗೆ ಅದೂ ಸಾಲಲಿಲ್ಲ. "ಮೊದ್ಲನೇದ್ರಲ್ಲಿ ಬರ್ದಿದ್ದು ನೋಡ್ಕೊಂಡೇ ಇವ್ರೂ ಬರ್ದಿರ್ಬೋದು. ಇನ್ನೊಂದ್ ಕಡೆ ತೋರ್ಸಾನ."

ಆವತ್ತು ಮನೆಗೆ ಬಂದು ಹಾಸಿಗೆಯ ಮೇಲೆ ಕೂತು ಯೋಚಿಸಿದೆ. ಇವರು ನನ್ನ ಆಪರೇಷನ್ನನ್ನು ಯಾಕೆ ಮುಂದೆ ಹಾಕುತ್ತಿದ್ದಾರೆ? ಕರೆದುಕೊಂಡು ಹೋದವರೂ ಅವರೇ, ಈಗ ಅಡ್ಡ ನಿಂತವರೂ ಅವರೇ. ನಾನು ಹೋದರೆ ನಮ್ಮ ಮನೆಯಲ್ಲಿ ದೀಪ ಹಚ್ಚಲು ಹೆಂಗಸಿಲ್ಲ. ಬೇಡವೆಂದರೂ ಆ ಯೋಚನೆ ಬಂತು. ಮೂವತ್ತು ವರ್ಷ ಒಂದೇ ಸಂಪಿನ ನೀರು ಕುಡಿದವರು ನಾವು, ಅಷ್ಟು ಅನುಮಾನವೂ ಬರದಿದ್ದರೆ ಹೇಗೆ? ನಮ್ಮ ಮನೆಯವರಿಗೆ ಹೇಳಿದೆ, "ಅಕ್ಕನ ಮಾತು ಕೇಳ್ಬೇಡಿ. ಡಾಕ್ಟ್ರು ಹೇಳಿದ ದಿನಾನೇ ಅಡ್ಮಿಟ್ ಆಗ್ತೀನಿ."

ಅಕ್ಕ ಬಿಡಲಿಲ್ಲ, ಎಂ.ಆರ್.ಐ. ಆದ ಮೇಲೆ ನಮ್ಮೊಂದಿಗೇ ಬಂದು ಕೂತರು. ಡಾಕ್ಟರಮ್ಮ ಚಿತ್ರಗಳನ್ನು ತೋರಿಸಿ, ಗಡ್ಡೆ ಗರ್ಭಕೋಶದ ಗೋಡೆಯೊಳಗೇ ಇದೆ, ಮೇಲುಮೇಲಿನ ಪದರಕ್ಕೆ ಮಾತ್ರ ಇಳಿದಿದೆ, ಹೊರಗೆ ಹೋದಂತೆ ಕಾಣುತ್ತಿಲ್ಲ ಎಂದರು. ಅಕ್ಕ ತಮ್ಮ ಮೂರನೇ ಆಸ್ಪತ್ರೆಯ ಮಾತು ಎತ್ತಿದರು. ನನಗೆ ಮುಖ ಎತ್ತಿ ಕೂರಲಾಗಲಿಲ್ಲ. ಡಾಕ್ಟರಮ್ಮ ಬೇಸರ ಮಾಡಿಕೊಳ್ಳಲಿಲ್ಲ.

"ಅಮ್ಮಾ, ನೀವು ನಮ್ಮೇಲೆ ಅನುಮಾನ ಪಡಿ, ನಂಗೇನೂ ಬೇಜಾರಿಲ್ಲ. ಆದ್ರೆ ಈ ಗಡ್ಡೆ ಮೇಲೆ ನಿಮಗೆ ಅಷ್ಟು ನಂಬಿಕೆ ಯಾಕೆ? ನೀವು ಮೂರನೇ ಕಡೆ ತೋರ್ಸೋವರೆಗೂ ಅದು ಬೆಳೀದೆ ಅಲ್ಲೇ ಕೂತಿರುತ್ತೆ ಅಂತ ನಿಮಗ್ಯಾರ್ ಹೇಳಿದ್ದು?"

ಅಕ್ಕನ ರೆಪ್ಪೆ ಇಳಿಯಿತು, ಏರಿತು. ಅವರ ಪ್ರಶ್ನೆಯನ್ನು ಅವರಿಗೇ ಹೀಗೆ ಸರಿಯಾಗಿ ಹಾಕಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. "ಆಗ್ಲಿ" ಎಂದರು ಕೊನೆಗೆ. "ಆದ್ರೆ ತೆಗ್ದಿದ್ದನ್ನ ನಂಗೆ ತೋರುಸ್ಬೇಕು."

ಆಪರೇಷನ್ ಮುಗಿದ ಮೇಲೆ ತೆಗೆದ ಭಾಗವನ್ನು ಟ್ರೇನಲ್ಲಿಟ್ಟು ಮನೆಯವರನ್ನು ಕರೆದು ತೋರಿಸುವುದು ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಇದ್ದದ್ದೇ. ನಮ್ಮ ಮನೆಯವರು ಬಾಗಿಲವರೆಗೆ ಹೋಗಿ ವಾಪಸ್ ಬಂದು ಬೆಂಚಿನ ಮೇಲೆ ಕೂತರಂತೆ. ಅಕ್ಕ ಒಳಗೆ ಹೋದರು. ಮಗಳು ಹುಟ್ಟುವ ಮುಂಚೆ ಮನೆ ಮಾಡಿಕೊಂಡಿದ್ದ ಆ ಚೀಲವನ್ನು ನಾನೇ ನೋಡಿಲ್ಲ, ನನ್ನ ವಾರಗಿತ್ತಿ ನೋಡಿದ್ದಾರೆ. ಮೂಗು ಮುಚ್ಚಿಕೊಳ್ಳದೆ, ಬಗ್ಗಿ, ಬಹಳ ಹೊತ್ತು ನೋಡಿದರು ಎಂದು ಆಮೇಲೆ ನರ್ಸ್ ಹೇಳಿದಳು. "ಪೂರ್ತಿ ತೆಗ್ದಿದ್ದೀರಾ? ಒಳ್ಗೆ ಏನೂ ಬಿಟ್ಟಿಲ್ವಾ?" ಎಂದು ಕೇಳಿದರಂತೆ. ಎರಡು ಕಡೆಯ ಅಂಡಾಶಯ, ನಾಳ, ಪರೀಕ್ಷೆಗೆಂದು ತೆಗೆದ ಸಣ್ಣ ಗ್ರಂಥಿಗಳು, ಒಂದೊಂದನ್ನೇ ಬೆರಳು ಮಾಡಿ ತೋರಿಸಿ ಕೇಳಿದರಂತೆ.

ವಾರ್ಡಿಗೆ ಬಂದ ಮೇಲೆ ನನ್ನ ಹೊಟ್ಟೆಯ ಮೇಲಿನ ಬ್ಯಾಂಡೇಜು ನೋಡಿ ಅವರಿಗೆ ಹೊಸ ಅನುಮಾನ ಶುರುವಾಯಿತು. ದೂರ್ಬೀನು ಹಾಕಿ ಮಾಡಿದ ಆಪರೇಷನ್, ನಾಲ್ಕು ಸಣ್ಣ ತೂತು ಅಷ್ಟೇ. "ಅಷ್ಟ್ ದೊಡ್ಡದು ಇಷ್ಟ್ ಸಣ್ಣ ತೂತಲ್ಲಿ ಎಂಗ್ ಬಂತು? ಬೇರೆಯವ್ರದ್ದು ತೋರ್ಸಿಲ್ಲ ತಾನೇ?" ಅದು ಕೆಳಗಿನ ದಾರಿಯಿಂದ ಬಂತು, ಹೆರಿಗೆಯಂತೆಯೇ ಎಂದು ನರ್ಸ್ ವಿವರಿಸಿದಳು. ನನಗೆ ನಗು ಬಂತು, ನಕ್ಕರೆ ಹೊಟ್ಟೆ ನೋಯುತ್ತಿತ್ತು.

ಕೊನೆಯ ರಿಪೋರ್ಟು ಬಂದಾಗ ಗ್ರಂಥಿಗಳಲ್ಲಿ ಏನೂ ಇರಲಿಲ್ಲ. ಗೋಡೆ ದಾಟಿರಲಿಲ್ಲ. ರೇಡಿಯೇಷನ್ ಬೇಡ, ಔಷಧಿ ಬೇಡ, ಕೆಲವು ತಿಂಗಳಿಗೊಮ್ಮೆ ಬಂದು ತೋರಿಸಿ ಹೋಗಿ, ಎಲ್ಲಾದರೂ ಮತ್ತೆ ರಕ್ತ ಕಂಡರೆ ಕಾಯದೆ ಬನ್ನಿ ಎಂದರು ಡಾಕ್ಟರಮ್ಮ. ಆವತ್ತು ನಾನು ಅತ್ತೆ. ಆಸ್ಪತ್ರೆಯ ಲಿಫ್ಟಿನಲ್ಲಿ, ಗೊತ್ತಿಲ್ಲದ ನಾಲ್ಕು ಜನರ ಮಧ್ಯೆ, ನಾಚಿಕೆಯಿಲ್ಲದೆ ಅತ್ತೆ.

ಮನೆಗೆ ಬಂದ ಮೇಲೆ ಭಾರ ಎತ್ತುವಂತಿರಲಿಲ್ಲ. ಅಕ್ಕ ಎರಡೂ ಮನೆಯ ಅಡುಗೆ ಮಾಡಿದರು, ಎರಡೂ ವಾರ ದೀಪ ಹಚ್ಚಿದರು. ಒಂದು ಮಧ್ಯಾಹ್ನ ನನ್ನ ತಲೆ ಬಾಚುತ್ತಾ ಕೂತಿದ್ದಾಗ ಕೇಳಿದೆ. "ಅಕ್ಕ, ಮುಟ್ಟಲ್ಲ ಅಂತ ನಿಮಗೆ ಹೇಗೆ ಹೊಳೀತು?"

ಬಾಚಣಿಗೆ ನಿಂತಿತು. "ನಮ್ಮವ್ವಂಗೆ ಇಂಗೇ ಆಗಿದ್ದು. ನಿಂತೋಗಿದ್ದು ಮತ್ತೆ ಬಂತು. ನಮ್ ಊರಲ್ಲಿ ಎಲ್ರೂ ಏನಂದ್ರು ಗೊತ್ತಾ? ಪರವಾಗಿಲ್ಲ ಕಣಮ್ಮ, ನಿಂಗೆ ವಯಸ್ಸು ವಾಪಸ್ ಬಂದದೆ ಅಂತ ನಗಾಡಿದ್ರು. ನಮ್ಮವ್ವಾನೂ ನಕ್ಕಿದ್ಲು. ಮೂರ್ ದಿನ ಒರಗೆ ಕೂತ್ಕೊಳ್ಳೋಳು, ನೀರ್ ಆಕ್ಕೊಂಡು ಒಳಗ್ ಬರೋಳು. ಅಂಗೇ ಮಾಡ್ಕೊಂಡು ಒಂದ್ ವರ್ಷ ಓಯ್ತು. ಆಮೇಲೆ ಆಸ್ಪತ್ರೆಗ್ ಕರ್ಕೊಂಡ್ ಓದ್ರೆ ಮೈಯೆಲ್ಲಾ ಅರಡಿತ್ತು."

ನನ್ನ ಜಡೆಯನ್ನು ಬಿಗಿಯಾಗಿ ಎಳೆದರು. "ಒಬ್ರಾದ್ರೂ ಅನುಮಾನ ಪಟ್ಟಿದ್ರೆ ನಮ್ಮವ್ವ ಬದುಕ್ತಿದ್ಲು ಕಣೇ. ಎಲ್ರೂ ಒಳ್ಳೇವ್ರು. ಎಲ್ರೂ ನಂಬಿದ್ರು."

ಮೂವತ್ತು ವರ್ಷ ಅವರನ್ನು ಪಕ್ಕದಲ್ಲೇ ನೋಡಿದ್ದೆ, ಆ ಕಣ್ಣು ಎಲ್ಲಿಂದ ಶುರುವಾಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ. ಅಂದು ಅವರ ಮೇಲೆ ನನಗೆ ಬಹಳ ಪ್ರೀತಿ ಬಂತು. ಹೇಳಲಿಲ್ಲ. ಹೇಳಿದ್ದರೆ ಯಾಕೆ ಹೇಳುತ್ತಿದ್ದಾಳೆ ಎಂದು ಯೋಚಿಸುತ್ತಿದ್ದರು.

ಇದಾದ ಮೇಲೆ ನಾವಿಬ್ಬರೂ ಹಾಲುಜೇನು ಆಗಿಬಿಟ್ಟೆವು ಎಂದು ಬರೆದರೆ ಅದು ಸುಳ್ಳು. ನಾನು ಎದ್ದು ಓಡಾಡತೊಡಗಿದ ವಾರವೇ ಸಂಪಿಗೆ ಕೋಲು ಇಳಿಯಿತು. ಮಗಳಿಗೆ ಹೆರಿಗೆಯಾದಾಗ ಅರ್ಧ ಬಾಣಂತನ ಅಕ್ಕನೇ ಮಾಡಿದರು. ಮಾಡುವ ಮುಂಚೆ ಮಗುವಿನ ಕಿವಿಯನ್ನು ಹಿಂದೆಮುಂದೆ ತಿರುಗಿಸಿ, ನಮ್ಮ ಮನೆಯವರ ಕಿವಿಯ ಜೊತೆ ಹೋಲಿಸಿ, ಆಸ್ಪತ್ರೆಯಲ್ಲಿ ಅದಲುಬದಲಾಗಿಲ್ಲ ಎಂದು ಖಾತ್ರಿ ಮಾಡಿಕೊಂಡರು. ನನ್ನ ತಪಾಸಣೆಗೆ ಪ್ರತಿ ಸಲ ಜೊತೆಗೆ ಬರುತ್ತಿದ್ದರು. ಎಲ್ಲಾ ಸರಿ ಇದೆ ಎಂದು ಡಾಕ್ಟರಮ್ಮ ಹೇಳಿದ ಮೇಲೂ ಎದ್ದೇಳುತ್ತಿರಲಿಲ್ಲ. "ಇನ್ನೊಂದ್ಸಲ ನೋಡಿ" ಎನ್ನುತ್ತಿದ್ದರು. ಡಾಕ್ಟರಮ್ಮ ಇನ್ನೊಂದು ಸಲ ನೋಡುತ್ತಿದ್ದರು.

ಬೀದಿಯ ಹೆಂಗಸರಿಗೆ ಅಕ್ಕ ಈಗ ಇನ್ನೊಂದು ಕಾಟ ಕೊಡತೊಡಗಿದ್ದರು. ಐವತ್ತು ದಾಟಿದವರು ಸಿಕ್ಕರೆ ಸಾಕು, ಸೊಪ್ಪಿನ ಗಾಡಿಯ ಮುಂದೆಯೇ, "ನಿಂತ್ ಮೇಲೆ ಏನಾದ್ರೂ ಕಾಣಿಸ್ತಾ?" ಎಂದು ಕೇಳಿಬಿಡುತ್ತಿದ್ದರು. ಇಲ್ಲ ಎಂದರೆ ಎಡಗಣ್ಣು ಕಿರಿದಾಗುತ್ತಿತ್ತು. ಹಾಗೆ ನಾಚಿಕೆ ಬಿಟ್ಟು ಹೌದು ಎಂದ ಒಬ್ಬಾಕೆಯನ್ನು ನಾವಿಬ್ಬರೂ ಹೆಬ್ಬಾಳಕ್ಕೆ ಕರೆದುಕೊಂಡು ಹೋದೆವು. ಅವಳದ್ದು ಸಣ್ಣ ಗಂಟು, ತೆಗೆದು ಕಳಿಸಿದರು. ಆದರೂ ಅಕ್ಕನಿಗೆ ಅವಳ ರಿಪೋರ್ಟಿನ ಮೇಲೆ ಪೂರ್ತಿ ಸಮಾಧಾನ ಬಂದಿರಲಿಲ್ಲ.

ಕಳೆದ ವರ್ಷ ಶ್ರಾವಣದಲ್ಲಿ ಒಂದು ಶನಿವಾರ, ಮಧ್ಯಾಹ್ನದ ಊಟವಾದ ಮೇಲೆ ಅಕ್ಕನ ಮನೆಗೆ ಹೋದೆ. ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಹಣೆಯ ಮೇಲೆ ಬೆವರು, ಕೈ ಎದೆಯ ಮೇಲಿತ್ತು.

"ಏನಾಯ್ತು ಅಕ್ಕ?"

"ಏನಿಲ್ಲ, ಗ್ಯಾಸು. ಬೆಳಗ್ಗೆ ಅವರೆಬೇಳೆ ಸಾರು ಜಾಸ್ತಿ ತಿಂದೆ. ಜೀರಿಗೆ ನೀರ್ ಕುಡ್ದಿದೀನಿ, ಓಗ್ತದೆ."

"ಡಾಕ್ಟ್ರ ಹತ್ರ ಹೋಗೋಣ್ವಾ?"

"ಗ್ಯಾಸಿಗೆಲ್ಲಾ ಡಾಕ್ಟ್ರಾ? ನೀನ್ ಓಗು, ಸ್ವಲ್ಪ ಮಲಗ್ತೀನಿ."

ಅವರು ಒಳಗೆ ಹೋಗಿ ಚಾಪೆ ಹಾಸಿಕೊಂಡರು. ನಾನು ಫ್ಯಾನ್ ಹಾಕಿ, ಬಾಗಿಲು ಮುಂದಕ್ಕೆ ಮಾಡಿ ನಮ್ಮ ಮನೆಗೆ ಬಂದೆ. ಒಂದು ಗಂಟೆ ಬಿಟ್ಟು ಕಾಫಿ ತೆಗೆದುಕೊಂಡು ಹೋಗಿ ಕರೆದಾಗ ಏಳಲಿಲ್ಲ. ಹೃದಯದ್ದು ಎಂದರು ಡಾಕ್ಟರು, ಹೆಂಗಸರಲ್ಲಿ ಎಷ್ಟೋ ಸಲ ಗ್ಯಾಸಿನ ಹಾಗೆಯೇ ಬರುತ್ತದೆ, ಬೆವರು ಕಂಡಾಗಲೇ ಕರೆತಂದಿದ್ದರೆ ನೋಡಬಹುದಿತ್ತು ಎಂದರು.

ನಾನು ಬದುಕಿದ್ದೇನೆ. ಮೊಮ್ಮಗ ಶಾಲೆಗೆ ಹೋಗುತ್ತಾನೆ. ಅಕ್ಕ ಹೇಳಿದ ಮಾತನ್ನು ನಾನು ಹಾಗೆಯೇ ನಂಬಿದ್ದು ಅದೊಂದೇ ಸಲ.